ಒಂದು ಸುಳ್ಳು ಸಾವು, ಒಂದು ನಿಜವಾದ ಸಾವು...

ಮೊನ್ನೆ ಟೀ ಬ್ರೇಕಿನಲ್ಲಿ ಒಂದು ಚರ್ಚೆ. ಸಿನಿಮಾಗಳಲ್ಲಿ ನಿಮ್ಮನ್ನು ತುಂಬಾ ಕಾಡಿದ ಸಾವಿನ ದೃಶ್ಯ ಯಾವುದು ಅಂತ. ಒಬ್ಬ 'ಸೈಕೋ'ದ (1960) ಬಚ್ಚಲುಮನೆ ಕೊಲೆ ಅಂದ. ಇನ್ನೊಬ್ಬಳು 'ನಾಗರಹಾವು' (1972) ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬೀಳೋದು ಅಂದಳು. ನನಗೆ ನೆನಪಾಗಿದ್ದು ಮಾತ್ರ ಎರಡು ಪುಟಾಣಿ ಮೂಕಿಚಿತ್ರಗಳು. ಎರಡೂ ಎಡಿಸನ್ ಕಂಪನಿಯವೇ.

ಮೊದಲನೆಯದು 1895ರದ್ದು. ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿಯುವ ದೃಶ್ಯ (ಅದು ನಡೆದದ್ದು 1587ರಲ್ಲಿ). ಉದ್ದ ಸುಮಾರು 18 ಸೆಕೆಂಡು, ಅಷ್ಟೇ! ಆಗ ಒಂದು ಪೆಟ್ಟಿಗೆಯ ಮೇಲೆ ಬಗ್ಗಿ, ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರೇ ನೋಡಬೇಕಿತ್ತು. ರಾಣಿಯಾಗಿ ನಟಿಸಿದ್ದು ರಾಬರ್ಟ್ ಥೋಮೆ ಅನ್ನೋ ಗಂಡಸು. ರಾಣಿ ಕತ್ತು ಒಡ್ಡಿದ ಮೇಲೆ ನಿರ್ದೇಶಕ ಆಲ್ಫ್ರೆಡ್ ಕ್ಲಾರ್ಕ್ ಕ್ಯಾಮೆರಾ ನಿಲ್ಲಿಸಿದ. ಆ ಜಾಗದಲ್ಲಿ ಗೊಂಬೆ ಇಟ್ಟರು. ಕ್ಯಾಮೆರಾ ಮತ್ತೆ ಓಡಿತು, ಕೊಡಲಿ ಬಿತ್ತು, ತಲೆ ಉರುಳಿತು. ನಡುವೆ ನಿಲ್ಲಿಸಿದ್ದು ನೋಡುವವರಿಗೆ ಗೊತ್ತೇ ಆಗೋಲ್ಲ.

ಎರಡನೆಯದು 1903ರ ಜನವರಿ 4ರದ್ದು. ಜಾಗ, ನ್ಯೂಯಾರ್ಕಿನ ಕೋನಿ ಐಲೆಂಡ್. ಟಾಪ್ಸಿ ಒಂದು ಸರ್ಕಸ್ ಹೆಣ್ಣಾನೆ. ಆಫ್ರಿಕಾದ್ದಲ್ಲ, ನಮ್ಮ ಏಷ್ಯಾದ್ದೇ. ಮರಿಯಾಗಿದ್ದಾಗಲೇ ಹಿಡಿದು ಅಮೆರಿಕಕ್ಕೆ ಸಾಗಿಸಿದ್ದರು. 1902ರಲ್ಲಿ ಸರ್ಕಸ್ಸಿನಲ್ಲಿ ಒಬ್ಬನನ್ನು ಕೊಂದಿತ್ತು. ಅವನು ಅದನ್ನು ಕೆಣಕಿದ್ದನಂತೆ. ಆಮೇಲೆ ಕೈಬದಲಾಗಿ, ಆಗಿನ್ನೂ ಕಟ್ಟುತ್ತಿದ್ದ ಲೂನಾ ಪಾರ್ಕಿಗೆ ಬಂತು. ಸಾಕೋದು ಬೇಡ ಅನಿಸಿದಾಗ ಮಾಲೀಕರಿಗೆ ಹೊಳೆದದ್ದು ಏನು ಗೊತ್ತಾ? ನೇಣು ಹಾಕೋದು, ಅದನ್ನು ನೋಡೋಕೆ ಟಿಕೆಟ್ ಇಡೋದು! ಪ್ರಾಣಿದಯಾ ಸಂಘದವರು ಬೇಡ ಅಂದರು. ಕೊನೆಗೆ ಸಯನೈಡ್ ಬೆರೆಸಿದ ಕ್ಯಾರೆಟ್ ತಿನ್ನಿಸಿ, ಕತ್ತಿಗೆ ಹಗ್ಗ ಬಿಗಿದು, 6,600 ವೋಲ್ಟ್ ಕರೆಂಟ್ ಹರಿಸಿದರು. ಕಾಲಿನ ಬುಡದಲ್ಲಿ ಹೊಗೆ ಏಳುತ್ತೆ, ಮೈ ಸೆಟೆದುಕೊಳ್ಳುತ್ತೆ, ಅಷ್ಟು ದೊಡ್ಡ ಜೀವ ಒಂದು ಕಡೆಗೆ ವಾಲಿ ಬಿದ್ದುಬಿಡುತ್ತೆ. ಕ್ಯಾಮೆರಾ ನೋಡ್ತಾನೇ ಇರುತ್ತೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಇಂಜಿನಿಯರಿಂಗ್ ಓದುವಾಗ ಸೆಮಿನಾರಿನಲ್ಲಿ ಈ ವೀಡಿಯೋ ಹಾಕಿ, "ಎಸಿ ಕರೆಂಟ್ ಅಪಾಯ ಅಂತ ತೋರಿಸೋಕೆ ಎಡಿಸನ್ ಒಂದು ಆನೆಯನ್ನೇ ಕೊಂದ" ಅಂತ ಭಾಷಣ ಬಿಗಿದಿದ್ದೆ. ಒಳ್ಳೇ ಚಪ್ಪಾಳೆ ಬಿತ್ತು. ಆಮೇಲೆ ಓದಿದಾಗ ಗೊತ್ತಾಯ್ತು, ಅದು ಕಟ್ಟುಕಥೆ. ಎಸಿ-ಡಿಸಿ ಜಗಳ ಮುಗಿದು ಆಗಲೇ ಹತ್ತು ವರ್ಷ ಆಗಿತ್ತು. ಎಡಿಸನ್ ಆವತ್ತು ಅಲ್ಲಿ ಇರಲೂ ಇಲ್ಲ. ಕರೆಂಟ್ ಕೊಟ್ಟ ಕಂಪನಿಗೂ, ಚಿತ್ರ ತೆಗೆದ ಕಂಪನಿಗೂ ಅವನ ಹೆಸರಿತ್ತು. ಕಥೆ ಹುಟ್ಟೋಕೆ ಇನ್ನೇನು ಬೇಕು?

ತಪ್ಪು ಹೇಳಿದ್ದಕ್ಕಿಂತ ಇನ್ನೊಂದು ವಿಷಯ ಈಗಲೂ ಚುಚ್ಚುತ್ತೆ. ಆನೆ ಬಿದ್ದಾಗ ಹಿಂದಿನ ಬೆಂಚಿನಿಂದ ನಗು ಬಂತು. ನಾನೂ ನಕ್ಕೆ. ನನಗೊಬ್ಬ ವಿಲನ್ ಸಿಕ್ಕಿದ್ದ, ಆನೆಯನ್ನು ನಾನು ನೋಡಿರಲೇ ಇಲ್ಲ. ಟಿಕೆಟ್ ಮಾರೋ ಯೋಚನೆ ಮಾಡಿದವರಿಗೂ, ಚಪ್ಪಾಳೆ ಗಿಟ್ಟಿಸಿದ ನನಗೂ ವ್ಯತ್ಯಾಸ ಎಷ್ಟು?

1895ರಲ್ಲಿ ಕ್ಯಾಮೆರಾ ನಿಂತಾಗ ಥೋಮೆ ಎದ್ದು ಆಚೆ ಹೋದ. ಟಾಪ್ಸಿಗೆ ಬದಲು ಯಾರೂ ಗೊಂಬೆ ಇಡಲಿಲ್ಲ.

ಟೀ ಬ್ರೇಕಿನಲ್ಲಿ ಇದನ್ನೆಲ್ಲ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ನಿಮ್ಮನ್ನು ಕಾಡಿದ ದೃಶ್ಯ ಯಾವುದು? ತಿಳಿಸ್ತೀರಲ್ಲ?