ಗದಗ ಸೀಮೆಯ ಮನೆ ಸ್ಪೀಕರು

ಮನೆಯೊಳಗೆ ಕೂತು ಹಾಡು ಕೇಳಲೆಂದು ಮಾಡಿದ, ಗೂಡಿನಲ್ಲೋ ಮೇಜಿನ ಮೇಲೋ ಇಡಬಹುದಾದ ಜೋಡಿ ಪೆಟ್ಟಿಗೆ. ಅಂಗಡಿಯ ಮಾತಿನಲ್ಲಿ ಬುಕ್‌ಶೆಲ್ಫ್ ಸ್ಪೀಕರ್. ಪ್ರತಿ ಪೆಟ್ಟಿಗೆಯಲ್ಲೂ 4ರಿಂದ 6.5 ಇಂಚಿನ ವೂಫರ್, ಸುಮಾರು ಒಂದು ಇಂಚಿನ ಟ್ವೀಟರ್, ಮಂದ್ರವನ್ನು ಅದಕ್ಕೂ ತಾರವನ್ನು ಇದಕ್ಕೂ ಹಂಚಿಕೊಡುವ ಕ್ರಾಸ್‌ಓವರ್ ಇರುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಿಗೆ ಈ ಪೆಟ್ಟಿಗೆ ಬಂದದ್ದು ತಡವಾಗಿ. ಹಾಡು ಬಹಳ ಮೊದಲೇ ಬಂದಿತ್ತು. ಸ್ಪೀಕರೆಂದರೆ ಇಲ್ಲಿಯವರಿಗೆ ಬಹುಕಾಲ ಊರಿಗೆ ಊರೇ ಕೇಳುವ ವಸ್ತು. ಗದಗಿನ ತೋಂಟದಾರ್ಯ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆ, ಮದುವೆ ಮನೆಯ ಮೈಕ್ ಸೆಟ್ಟು. ಪಡಸಾಲೆಯ ಪೆಟ್ಟಿಗೆಯನ್ನು ಆರಿಸುವಾಗಲೂ ಜನ ಅದೇ ಅಳತೆಗೋಲು ಹಿಡಿದರು: ಎಷ್ಟು ಜೋರು? ಇದರ ಚರಿತ್ರೆಯ ಅರ್ಧಭಾಗ ಆ ಒಂದು ಪ್ರಶ್ನೆಯಿಂದ ಆದ ಎಡವಟ್ಟುಗಳದು.

ಮೊದಲು ಬಂದದ್ದು ಗ್ರಾಮೋಫೋನು. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನಳ ಹಾಡು ಮುದ್ರಿಸಿಕೊಂಡ. ಅರಗು ಬೆರೆಸಿ ಒತ್ತಿದ ಆ ಕರಿಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಮಗ್ಗುಲಿಗೆ ಮೂರು ನಿಮಿಷದ ಸುಮಾರು ಹಾಡು. ಕರೆಂಟಿನ ಹಂಗಿರಲಿಲ್ಲ, ಕೀಲಿ ಕೊಟ್ಟರೆ ಸಾಕು, ಸೂಜಿಯ ನಡುಕವನ್ನು ಕಹಳೆಯೇ ಹಿಗ್ಗಿಸಿ ಕೇಳಿಸುತ್ತಿತ್ತು. ರಾಗವೊಂದನ್ನು ಮೂರು ನಿಮಿಷಕ್ಕೆ ಮಡಚಿ ಕೊಡುವುದನ್ನು ಉಸ್ತಾದರು ಕಲಿತರು. ಗಂಗೂಬಾಯಿ ಹಾನಗಲ್ಲರ ಮೊದಲ ರಿಕಾರ್ಡುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದದ್ದು ಈ ಕಾಲದಲ್ಲೇ.

ಈ ಸೀಮೆಯ ಧ್ವನಿ ಚರಿತ್ರೆಯಲ್ಲಿ ಒಂದೇ ಒಂದು ರಿಕಾರ್ಡನ್ನು ಹೆಸರಿಸಬೇಕೆಂದರೆ ಅದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ, ‘ಪಿಯಾ ಬಿನ್ ನಹೀ ಆವತ ಚೈನ್’. 1922ರ ಫೆಬ್ರುವರಿ 4ರಂದು ಹುಟ್ಟಿದ ರೋಣದ ಹುಡುಗನೊಬ್ಬ ಅಂಗಡಿಯಲ್ಲಿ ಅದನ್ನು ಕೇಳಿದ. ಶಾಲಾ ಮಾಸ್ತರರ ಮಗ. ಭಜನೆಯ ಮೇಳ, ಬ್ಯಾಂಡಿನವರ ಮೆರವಣಿಗೆ ಕಂಡರೆ ಬೆನ್ನು ಹತ್ತಿ ಹೋಗಿ ಎಲ್ಲೋ ನಿದ್ದೆ ಹೋಗುತ್ತಿದ್ದ. ಹುಡುಕಿ ಸೋತ ತಂದೆ ‘ಜೋಶಿ ಮಾಸ್ತರರ ಮಗ’ ಎಂದು ಅಂಗಿಯ ಮೇಲೆಯೇ ಬರೆಸಿದರಂತೆ. 1933ರಲ್ಲಿ, 11ರ ವಯಸ್ಸಿನಲ್ಲಿ, ಆ ದನಿಯಂತೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ಹುಡುಗ ಮನೆಬಿಟ್ಟ. ಕೊನೆಗೆ ಸಿಕ್ಕವರು ಮಗ್ಗುಲಲ್ಲೇ, ಕುಂದಗೋಳದಲ್ಲಿ: ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಭೀಮಸೇನ ಜೋಶಿಯವರನ್ನು ಮನೆಯಿಂದ ಹೊರಡಿಸಿದ್ದು ಎದುರಿಗೆ ಕೂತ ಗಾಯಕನಲ್ಲ, ಸೂಜಿ ಸವೆದ ಪ್ಲೇಟು ಎಂಬುದನ್ನು ಸ್ಪೀಕರಿನ ಚರಿತ್ರೆ ಬರೆಯುವವರು ಮರೆಯಬಾರದು.

ಕರೀಂ ಖಾನರ ಕಿರಾಣಾ ಘರಾನೆಯ ದನಿ ಇಲ್ಲಿಗೆ ಸಲೀಸಾಗಿ ಹರಿದು ಬರಲು ರಾಜಕೀಯ ನಕಾಶೆಯ ನೆರವೂ ಇತ್ತು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದಲ್ಲಿದ್ದರೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ ಇದ್ದವು. ಕರೀಂ ಖಾನರು ನೆಲೆ ನಿಂತದ್ದು, ಇಂದಿಗೂ ತಂಬೂರಿ ಕಟ್ಟುವವರ ಓಣಿ ಇರುವುದು ಅದೇ ಮಿರಜದಲ್ಲಿ. ಇತ್ತ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಅಂಧರು, ಅಂಧ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಲ್ಲಿ ಪಾಠವೆಲ್ಲ ಕಿವಿಯಿಂದ ಕಿವಿಗೆ. ಹಾರ್ಮೋನಿಯಂ, ತಬಲಾ, ಪಿಟೀಲು ಹತ್ತಿರದಿಂದ ಹೇಗೆ ಕೇಳುತ್ತವೆ ಎಂದು ಬಲ್ಲವರು ಇಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ಸ್ಪೀಕರು ಮಾರುವವರು ಈ ಕಿವಿಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ.

ಕಾಗದದ ಕೋನ್, ಅದರ ಬೆನ್ನಿಗೆ ತಂತಿ ಸುತ್ತಿದ ಕಾಯಿಲ್, ಸುತ್ತ ಅಯಸ್ಕಾಂತ: ಇಂದಿಗೂ ನಡೆಯುತ್ತಿರುವ ಈ ಏರ್ಪಾಟನ್ನು ಅಮೆರಿಕದ ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ರೂಪಿಸಿದರು. ಗದಗ ಸೀಮೆಯ ಮನೆಗಳಿಗೆ ಅದು ರೇಡಿಯೋದ ಹೊಟ್ಟೆಯಲ್ಲಿ ಕೂತು ಬಂತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ವಾಲ್ವ್ ರೇಡಿಯೋಕ್ಕೆ ಪಡಸಾಲೆಯಲ್ಲಿ ದೇವರ ಜಗಲಿಯ ಮರ್ಯಾದೆ. ಮಕ್ಕಳ ಕೈಗೆಟುಕದ ಎತ್ತರದ ಹಲಗೆ, ಮೇಲೆ ಕಸೂತಿ ಹಾಕಿದ ಬಟ್ಟೆ, ವರ್ಷಕ್ಕೊಮ್ಮೆ ಲೈಸೆನ್ಸು. ಗುಂಡಿ ತಿರುವಿದರೆ ವಾಲ್ವ್ ಬಿಸಿಯಾಗುವವರೆಗೆ ಕಾಯಬೇಕು. ದನಿ ಒಂದೇ ಸ್ಪೀಕರಿನದು, ಎತ್ತರದಿಂದ ತಲೆಯ ಮೇಲೆ ಸುರಿಯುವಂಥದು. ಪೆಟ್ಟಿಗೆಯನ್ನು ಮೇಲೆ ಇಡುವ ರೂಢಿ ಅಲ್ಲಿಂದ ಬಂದದ್ದು ಇನ್ನೂ ಬಿಟ್ಟಿಲ್ಲ.

ಸ್ಪೀಕರು ರೇಡಿಯೋದಿಂದ ಬೇರೆಯಾಗಿ ಗೂಡಿಗೆ ಹಿಡಿಸುವಷ್ಟು ಚಿಕ್ಕದಾದ ಕಥೆ ಹೊರಗಿನದು. ಎರಡು ಕಿವಿಗೆ ಎರಡು ದಾರಿ ಎಂಬ ಸ್ಟೀರಿಯೋ ವಿದ್ಯೆಗೆ ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. ಸ್ಟೀರಿಯೋ ರಿಕಾರ್ಡು ಮಾರುಕಟ್ಟೆಗೆ ಬರಲು 1950ರ ದಶಕದ ಕೊನೆಯಾಯಿತು. ಅಷ್ಟರಲ್ಲಿ, 1954ರಲ್ಲಿ, ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಮಾಡಿದ. ಒಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗು. ತಿಜೋರಿಯಷ್ಟು ದೊಡ್ಡ ಪೆಟ್ಟಿಗೆ ಕೊಡುತ್ತಿದ್ದ ಮಂದ್ರ ಅದರ ಸಣ್ಣ ಪಾಲಿನ ಜಾಗದಲ್ಲಿ ಸಿಕ್ಕಿತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಮುಂದೆ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ, ಯಾವ ಕೋನಿಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬುದನ್ನು ಲೆಕ್ಕಕ್ಕೆ ಇಳಿಸಿದರು. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಟ್ಟು ಕೇಳಲು ಅದೇ ದಶಕದಲ್ಲಿ ಮಾಡಿಸಿದ ಎಲ್‌ಎಸ್3/5ಎ, ಐದು ಲೀಟರಿನ ಸುಮಾರು ಒಳಜಾಗದ ಪೆಟ್ಟಿಗೆ. ಅದಕ್ಕೆ ಗುಡುಗು ಬಾರದು, ಮನುಷ್ಯನ ಕಂಠ ಬರುತ್ತದೆ. ಕಡಿಮೆ ದುಡ್ಡಿನ ಜೋಡಿಗೆ ಹೆಸರಾದದ್ದು ವಾರ್ಫ್‌ಡೇಲ್ ಕಂಪನಿಯ 1980ರ ದಶಕದ ಡೈಮಂಡ್. ಆ ಕಂಪನಿಯನ್ನು 1932ರಲ್ಲಿ ಹುಟ್ಟುಹಾಕಿದ ಗಿಲ್ಬರ್ಟ್ ಬ್ರಿಗ್ಸ್ ಮೊದಲು ಯಾರ್ಕ್‌ಶೈರಿನ ಬಟ್ಟೆ ವ್ಯಾಪಾರದಲ್ಲಿದ್ದವನು. ಬೆಟಗೇರಿಯ ನೇಕಾರ ಓಣಿಯವರಿಗೆ ಅವನ ಹಿನ್ನೆಲೆ ಪರಕೀಯವಲ್ಲ.

ಇಲ್ಲಿ ಆಗ ನಡೆದದ್ದು ಬೇರೆ. ಉಳ್ಳವರ ಮನೆಗೆ ಎಚ್‌ಎಂವಿ ಫಿಯೆಸ್ಟಾ, ಫಿಲಿಪ್ಸ್ ರಿಕಾರ್ಡ್ ಪ್ಲೇಯರ್. ಇನ್ನೂ ಉಳ್ಳವರಿಗೆ ಕಾಸ್ಮಿಕ್, ಇಲ್ಲವೆ 1970ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಸೋನೋಡೈನ್ ಕಂಪನಿಯ ಸ್ಟೀರಿಯೋ. ಮಿಕ್ಕವರ ಪಾಲಿಗೆ ಸ್ಟೀರಿಯೋ ಎಂಬುದು ಕ್ಯಾಸೆಟ್ಟಿನೊಂದಿಗೆ ಬಂದ ಮಾತು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಭಾವಗೀತೆಗೆ ಆ ದಾರಿ ತೆರೆಯಿತು. ವಚನ, ದಾಸವಾಣಿ, ನಾಟಕದ ಹಾಡು, ಪ್ರವಚನ ಎಲ್ಲವೂ ಹಿಂದೆಯೇ ಬಂದವು. ಟೇಪ್ ರಿಕಾರ್ಡರಿನ ಮೈಮೇಲೆ ‘ಪಿಎಂಪಿಒ’ ಎಂದು ಸಾವಿರಾರು ವಾಟಿನ ಅಂಕಿ ಮಿನುಗುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ತಡೆಯಲಾಗದ ಶಕ್ತಿಯ ಲೆಕ್ಕ ಅದು. ನಿಜಕ್ಕೂ ಬಾಳುವ ಆರ್‌ಎಂಎಸ್ ವಾಟು ಬೆರಳೆಣಿಕೆಯಷ್ಟು. ಊರಿನ ರೇಡಿಯೋ ರಿಪೇರಿಯವರು 4440 ಐಸಿಯ ಬೋರ್ಡು, 12 ವೋಲ್ಟಿನ ಟ್ರಾನ್ಸ್‌ಫಾರ್ಮರು ಕೂಡಿಸಿ ಕಟ್ಟಿಕೊಟ್ಟ ಆಂಪ್ಲಿಫೈಯರ್ ಇದಕ್ಕಿಂತ ಪ್ರಾಮಾಣಿಕ. ಅದರ ಜೊತೆಗಿನ ಪ್ಲೈವುಡ್ ಪೆಟ್ಟಿಗೆ ಮಾತ್ರ ಅಂದಾಜಿನದು: ಬಡಗಿಗೆ ಹಲಗೆ ಎಷ್ಟು ಉಳಿಯಿತೋ ಅಷ್ಟು. ಥೀಲ್ ಮಾಡಿದ ಲೆಕ್ಕ ಈ ಓಣಿಗಳಿಗೆ ಬರಲೇ ಇಲ್ಲ. ಆಮೇಲಿನ ಹೋಂ ಥಿಯೇಟರ್ ಐದು ಡಬ್ಬಿಗಳನ್ನೂ ಗುಮ್ಮಟೆಯಂಥ ಒಂದು ಸಬ್‌ವೂಫರನ್ನೂ ತಂದಿತು. ಟಿವಿಯ ಸಿನಿಮಾಕ್ಕೆ ಸರಿ, ಖ್ಯಾಲ್‌ಗೆ ಅಲ್ಲ.

ಮೊಬೈಲಿನಲ್ಲಿ ಹಾಡು, ಅಂಗೈಯಷ್ಟು ಗಾತ್ರದ ಡಿ ವರ್ಗದ ಆಂಪ್ಲಿಫೈಯರ್, ಮನೆ ಬಾಗಿಲಿಗೆ ಬರುವ ಪಾರ್ಸೆಲ್: ಈ ಮೂರೂ ಕೂಡಿದ ಮೇಲೆ ಬುಕ್‌ಶೆಲ್ಫ್ ಜೋಡಿ ಸಾಮಾನ್ಯ ಸಂಬಳದವರ ಕೈಗೂ ಎಟುಕಿತು. ಆದರೆ ಡಬ್ಬಿಯ ಮೇಲಿನ ಸೂಚನೆಯನ್ನು ಬರೆದವರು ಕುರ್ಚಿಯ ಮೇಲೆ ಕೂತವರು, ಮರದ ನೆಲದ, ದಪ್ಪ ಪರದೆಯ ಕೋಣೆಯವರು. ಗದಗ ಸೀಮೆಯ ಮನೆ ಎರಡು ಬಗೆ. ಜಂತಿಯ ಮಾಳಿಗೆ, ಮಣ್ಣಿನ ದಪ್ಪ ಗೋಡೆ, ಗೋಡೆಯಲ್ಲೇ ಕೊರೆದ ಮಾಡ ಇರುವ ಹಳೆಯ ಮನೆ ಒಂದು. ಸಿಮೆಂಟಿನ ಗೋಡೆ, ಸ್ಲಾಬು, ಫರ್ಸಿ ಇಲ್ಲವೆ ಟೈಲ್ಸಿನ ಹೊಸ ಮನೆ ಇನ್ನೊಂದು. ಮಣ್ಣಿನ ಗೋಡೆಯ ಒರಟು ಮೈಯೂ ಜಂತಿಗಳ ಸಾಲೂ ದನಿಯನ್ನು ಚದುರಿಸಿ ಮೆತ್ತಗೆ ಮಾಡುತ್ತವೆ. ಹೊಸ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತದೆ; ಅಲ್ಲಿ ಚುರುಕು ಟ್ವೀಟರಿನ ಜೋಡಿ ತಂದರೆ ಹಾರ್ಮೋನಿಯಂ ಕಿವಿ ಚುಚ್ಚುತ್ತದೆ. ಸ್ಪೀಕರು ಬದಲಿಸುವ ಮೊದಲು ಒಂದು ಜಮಖಾನ ಹಾಸಿ ನೋಡುವುದು ಅಗ್ಗದ ಚಿಕಿತ್ಸೆ.

ಕೋಣೆಯ ಅಳತೆಗೂ ತನ್ನದೇ ಸ್ವರವಿದೆ. 12 ಅಡಿ ಉದ್ದದ ಕೋಣೆ 47 ಹರ್ಟ್ಸ್ ಹತ್ತಿರ ಗುಂಯ್‌ಗುಡುತ್ತದೆ, 10 ಅಡಿ ಅಗಲ 56ರ ಹತ್ತಿರ. 10-10ರ ಚೌಕ ಕೋಣೆಯಲ್ಲಿ ಎರಡೂ ಒಂದೇ ಕಡೆ ಬಿದ್ದು ಮಂದ್ರ ಉಬ್ಬುತ್ತದೆ. ಅಂಥಲ್ಲಿ ಎಂಟಿಂಚಿನ ವೂಫರು ದಂಡ, ಐದಿಂಚಿನದೇ ಮೇಲು. ಮಾಡದಲ್ಲಿ ಇಡುವುದಾದರೆ ಬೆನ್ನಿಗೆ ತೂತಿರುವ ಪೆಟ್ಟಿಗೆ ಬೇಡ: ತೂತಿಗೆ ಉಸಿರಾಡಲು ಜಾಗವಿಲ್ಲದೆ, ಮೂರು ಕಡೆಯ ಗೋಡೆ ಮಂದ್ರವನ್ನು ಮುಂದೆ ನೂಕಿ, ತಬಲಾದ ಬಾಯಾ ಕೊಡದಲ್ಲಿ ಮಾತಾಡಿದಂತಾಗುತ್ತದೆ. ಮುಚ್ಚಿದ ಪೆಟ್ಟಿಗೆ ಅಥವಾ ಮುಂದೆ ತೂತಿರುವುದು ಅಲ್ಲಿ ಹೊಂದುತ್ತದೆ, ಅದೂ ಮಾಡದ ಅಂಚಿಗೆ ತಂದಿಟ್ಟರೆ. ಎತ್ತರದ್ದು ಇನ್ನೊಂದು ತೊಡಕು. ಟ್ವೀಟರು ಕಿವಿಯ ಮಟ್ಟದಲ್ಲಿರಬೇಕೆಂಬುದು ನಿಯಮ. ಚಾಪೆಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತವರ ಕಿವಿ ನೆಲದಿಂದ ಎರಡೂವರೆ ಅಡಿ. ಪೇಟೆಯ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಇಟ್ಟರೆ ಟ್ವೀಟರು ನೆತ್ತಿಯ ಮೇಲಿಂದ ಹೋಗುತ್ತದೆ. ಊಟದ ಮಣೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಸರಿಯಾದ ಎತ್ತರ ಸಿಗುತ್ತದೆ.

ಜೋರಿನ ಪ್ರಶ್ನೆಗೆ ಉತ್ತರ ಸೆನ್ಸಿಟಿವಿಟಿ ಎಂಬ ಅಂಕಿಯಲ್ಲಿದೆ. ಚಿಕ್ಕ ಪೆಟ್ಟಿಗೆಗಳಲ್ಲಿ ಬಹುಪಾಲು 1 ವಾಟಿಗೆ, ಒಂದು ಮೀಟರ್ ದೂರಕ್ಕೆ, 84ರಿಂದ 88 ಡೆಸಿಬೆಲ್. ಮೂರು ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಜೋರಿಗೆ ಎರಡರಷ್ಟು ವಾಟು ಬೇಕು. ಆರೇಳು ಅಡಿ ದೂರದಲ್ಲಿ ಕೂತು ನೆಮ್ಮದಿಯಿಂದ ಕೇಳಲು ಒಂದು ವಾಟು ಹೆಚ್ಚೇ ಆಯಿತು. ತಿಹಾಯಿಯ ಏಟುಗಳಿಗೆ ಹಿಂದೆ 20-30 ವಾಟು ಮೀಸಲಿದ್ದರೆ ಸಾಕು. ನಾಲ್ಕು ಓಮಿನ ಸ್ಪೀಕರನ್ನು ಎಂಟು ಓಮಿಗೆಂದೇ ಕಟ್ಟಿದ ಬಡ ಆಂಪ್ಲಿಫೈಯರಿಗೆ ಜೋಡಿಸಿದರೆ ಮೊದಲು ಬಿಸಿ, ಆಮೇಲೆ ವಾಸನೆ.

ಪರೀಕ್ಷೆಗೆ ಅಂಗಡಿಯವರು ಹಾಕುವ ಡಿಜೆ ಹಾಡು ಏನನ್ನೂ ಹೇಳುವುದಿಲ್ಲ. ತಂಬೂರಿಯನ್ನು ಕೇಳಬೇಕು. ಕರಿ ಒಂದರಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 139 ಹರ್ಟ್ಸ್, ಖರ್ಜದ ತಂತಿ ಅದರ ಅರ್ಧ, 69. ನಾಲ್ಕಿಂಚಿನ ವೂಫರಿಗೆ ಅಷ್ಟು ಆಳ ಕಷ್ಟ. ಆದರೂ ಖರ್ಜ ಕೇಳಿಸುತ್ತದೆ: ಮೇಲಿನ ಸ್ವರಾಂಶಗಳು ಸರಿಯಾಗಿ ಬಂದರೆ ಕಾಣೆಯಾದ ತಳವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಆ ಸ್ವರಾಂಶಗಳನ್ನು ಬಿಡಿಸಿ ತೋರುವುದು ಕುದುರೆಯ ಮೇಲಿನ ಜವಾರಿ. (ಜವಾರಿ ಜೋಳ, ಜವಾರಿ ಕೋಳಿ ಎನ್ನುವ ಸೀಮೆಯಲ್ಲಿ ತಂಬೂರಿಗೂ ಅದೇ ಮಾತು ಕೂಡಿಬಂದದ್ದು ಚೆಂದ.) ಜವಾರಿ ಎಳೆಎಳೆಯಾಗಿ ಬಿಚ್ಚಿಕೊಂಡರೆ ಟ್ವೀಟರು, ಕ್ರಾಸ್‌ಓವರು ಸರಿ ಇವೆ, ನೊಣ ಗುಂಯ್‌ಗುಟ್ಟಿದಂತಿದ್ದರೆ ಇಲ್ಲ. ಹಾಡುವವರ ಕಂಠ ಎರಡು ಪೆಟ್ಟಿಗೆಯ ನಡುಮಧ್ಯೆ ನಿಲ್ಲದೆ ಗೋಡೆತುಂಬ ಹರಡಿದರೆ ಸ್ಪೀಕರನ್ನು ಬೈಯುವ ಮುನ್ನ ತಂತಿ ನೋಡಬೇಕು: ಒಂದು ಕಡೆ ಕೆಂಪು-ಕರಿ ಅದಲುಬದಲಾಗಿರುತ್ತದೆ.

ಎರೆನೆಲದ ಧೂಳು, ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ ಇಲ್ಲಿಯ ಪೆಟ್ಟಿಗೆಗಳ ಆಯುಷ್ಯವನ್ನು ನಿರ್ಧರಿಸುತ್ತವೆ. ಕೋನಿನ ಅಂಚು ಫೋಮಿನದಾದರೆ ಕೆಲ ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ, ರಬ್ಬರಿನದು ಬಾಳುತ್ತದೆ. ಸುಟ್ಟ ಕಾಯಿಲನ್ನು ಬದಲಿಸುವ, ಹೊಸ ಕೋನು ಅಂಟಿಸುವ ಕೈಗಳು ಮೈಕ್ ಸೆಟ್ಟಿನವರ ದೆಸೆಯಿಂದ ತಾಲೂಕು ಊರುಗಳಲ್ಲಿ ಉಳಿದಿವೆ. ಜಾತ್ರೆಯ ಹಂಗಾಮಿಗೆ ಮುಂಚೆ ಹೋದರೆ ಕೆಲಸ ಬೇಗ ಆಗುತ್ತದೆ.