ಕಾರ್ಥೇಜಿನ ಸೆರೆಮನೆಯ ಹರ್ಷ

ಮತದ್ವೇಷಕ್ಕೆ ಬಲಿಯಾದವರು ನಗುನಗುತ್ತ ಪ್ರಾಣಬಿಟ್ಟರೆಂದು ಗ್ರಂಥಗಳು ಹೇಳುವಾಗ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ತುಸು ಸಂಶಯಪಡುವುದುಂಟು. ಸತ್ತವರ ನಗೆಯನ್ನು ಬರೆದಿಟ್ಟವರು ಬದುಕಿ ಉಳಿದವರಲ್ಲವೆ? ಆದರೆ ಸಾಯಲಿದ್ದವಳೇ ಸೆರೆಮನೆಯಲ್ಲಿ ಕುಳಿತು ಬರೆದುದೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಲ್ಯಾಟಿನ್ ಬರಹವೊಂದು ನಮಗೆ ಉಳಿದುಬಂದಿದೆ. ಬರೆದವಳು ವಿಬಿಯಾ ಪರ್ಪೇತುವಾ, ಸ್ಥಳ ಉತ್ತರ ಆಫ್ರಿಕದ ಕಾರ್ಥೇಜ್, ಕಾಲ ಕ್ರಿ. ಶ. 203.

ಆಕೆ ಕುಲೀನ ಮನೆತನದವಳು, ವಿದ್ಯಾವತಿ, ಸುಮಾರು 22 ವರ್ಷದ ಗೃಹಿಣಿ. ಮೊಲೆಯುಣ್ಣುವ ಗಂಡುಕೂಸಿನ ತಾಯಿ. ಕ್ರೈಸ್ತಮತದ ಉಪದೇಶ ಪಡೆಯುತ್ತಿದ್ದ ಕೆಲವರೊಡನೆ ಆಕೆಯನ್ನೂ ಸೆರೆಹಿಡಿದರು. ಅವರಲ್ಲಿ ಫೆಲಿಸಿತಾ ಎಂಬ ತುಂಬು ಬಸುರಿಯಾದ ದಾಸಿಯೂ ಇದ್ದಳು. ರೋಮನರಿಗೆ ದೇವತೆಗಳ ಕೊರತೆಯಿರಲಿಲ್ಲ. ಇನ್ನೊಬ್ಬನನ್ನು ಸೇರಿಸಿಕೊಂಡರೆ ಅವರಿಗೇನೂ ನಷ್ಟವಿರಲಿಲ್ಲ. ಚಕ್ರವರ್ತಿಯ ಕ್ಷೇಮಾರ್ಥವಾಗಿ ಬಲಿಯರ್ಪಿಸಲು ಈ ಜನರು ಒಲ್ಲೆವೆಂದುದೇ ಅಪರಾಧವಾಯಿತು. ಹೊಳೆಯುಕ್ಕಿದರೂ ಮಳೆ ಬಾರದಿದ್ದರೂ ಜನರು ಕ್ರೈಸ್ತರನ್ನೇ ದೂರುತ್ತಿದ್ದರೆಂದು ಅದೇ ಊರಿನ ತೆರ್ತುಲ್ಲಿಯನನು ಕೆಲವು ವರ್ಷಗಳ ಹಿಂದಷ್ಟೇ ವ್ಯಂಗ್ಯವಾಗಿ ಬರೆದಿದ್ದನು.

ಪರ್ಪೇತುವಾ ತನ್ನ ಭಯವನ್ನು ಮುಚ್ಚಿಡುವುದಿಲ್ಲ. ಅಂಥ ಕತ್ತಲನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಸೆಕೆ, ಜನಸಂದಣಿ, ಹಣ ಕೀಳುವ ಸೈನಿಕರ ಒರಟುತನ. ಎಲ್ಲಕ್ಕೂ ಮಿಗಿಲಾಗಿ ಹಸಿದ ಕೂಸಿನ ಚಿಂತೆ. ಸಭೆಯ ಇಬ್ಬರು ಸೇವಕರು ಕಾವಲಿನವರಿಗೆ ಹಣ ಕೊಟ್ಟು, ಸೆರೆಯವರನ್ನು ಕೆಲವು ಘಂಟೆಗಳ ಕಾಲ ಗಾಳಿಯಾಡುವ ಕಡೆಗೆ ಬಿಡಿಸಿದರು. ಮುಂದೆ ಕೂಸನ್ನು ತನ್ನ ಬಳಿಯಲ್ಲೇ ಇಟ್ಟುಕೊಳ್ಳಲು ಅಪ್ಪಣೆಯಾದಾಗ ಸೆರೆಮನೆಯೇ ತನಗೆ ಅರಮನೆಯಾಯಿತೆಂದು ಬರೆಯುತ್ತಾಳೆ. ಈ ಬರಹದಲ್ಲಿ ನಾವು ಕಾಣುವ ಮೊದಲ ಹರ್ಷ ಇದು. ಅದು ತಾಯಿಯ ಹರ್ಷ.

ಆಕೆಯ ತಂದೆ ಕ್ರೈಸ್ತನಲ್ಲ. ಮೊದಲು ಕೋಪಿಸಿಕೊಂಡು ಕಣ್ಣು ಕೀಳುವವನಂತೆ ಮೇಲೆ ಬಿದ್ದ ಆ ಮನುಷ್ಯನು ಕೊನೆಗೆ ನರೆತ ತಲೆಯನ್ನು ಮಗಳ ಪಾದಗಳ ಬಳಿ ಚಾಚಿದನು, ಕೈಗಳಿಗೆ ಮುತ್ತಿಟ್ಟನು, ಮಗಳೆನ್ನುವುದನ್ನು ಬಿಟ್ಟು ಒಡತಿ ಎಂದು ಕರೆದನು. ವಿಚಾರಣೆಯ ದಿನ ಕೂಸನ್ನೆತ್ತಿಕೊಂಡು ಬಂದು ಮತ್ತೆ ಬೇಡಿದನು. ಅಧಿಕಾರಿ ಹಿಲಾರಿಯಾನುಸನು ಆ ವೃದ್ಧನನ್ನು ಕೋಲಿನಿಂದ ಹೊಡೆಸಿದಾಗ ಏಟು ತನಗೇ ಬಿದ್ದಂತಾಯಿತೆಂದು ಮಗಳು ಬರೆಯುತ್ತಾಳೆ. ಬಂಧುಬಳಗದಲ್ಲೆಲ್ಲ ತನ್ನ ಸಂಕಟದಲ್ಲಿ ಸಂತೋಷಪಡಲಾರದವನು ಅವನೊಬ್ಬನೇ ಎಂಬುದು ಆಕೆಯ ವ್ಯಥೆ. ನಮಗಾದರೋ ಇಲ್ಲಿ ತಂದೆಯ ಪಕ್ಷವನ್ನು ಪೂರ್ತಿಯಾಗಿ ಬಿಡಲು ಮನಸ್ಸು ಬಾರದು.

ಮೃಗಗಳ ಬಾಯಿಗೆ ಎಂದು ತೀರ್ಪಾಯಿತು. ಅದನ್ನು ಕೇಳಿ ಅವರು ಹರ್ಷಿತರಾಗಿ ಸೆರೆಮನೆಗೆ ಇಳಿದುಹೋದರು. ಈ ಹರ್ಷವೆಂಬ ಮಾತು ಆಕೆಯದೇ. ಅದರ ಲ್ಯಾಟಿನ್ ಶಬ್ದವೂ ತೀರ್ಪಿತ್ತವನ ಹೆಸರೂ ಒಂದೇ ಧಾತುವಿನವು; ಆಕೆ ಇದನ್ನು ಗಮನಿಸಿದಳೋ ಇಲ್ಲವೋ, ಓದುವವರು ಗಮನಿಸದಿರಲಾರರು.

ಆ ಹರ್ಷದಲ್ಲಿ ಹಾಸ್ಯವೂ ಸೇರಿತ್ತು. ಸೆರೆಯವರು ಮಂತ್ರಬಲದಿಂದ ಮಾಯವಾದಾರೆಂದು ಹೆದರಿದ ಸೇನಾಧಿಕಾರಿಯೊಬ್ಬನು ಅವರ ಅನ್ನಾಹಾರಗಳಲ್ಲಿ ಕಾರ್ಪಣ್ಯ ಮಾಡತೊಡಗಿದನು. ರಾಜಕುಮಾರ ಗೇಟಾನ ಹುಟ್ಟುಹಬ್ಬಕ್ಕೆ ಸಾಯಬೇಕಾದ ತಾವು ಅಂದು ಮೈದುಂಬಿ ಕಾಣಿಸಿದರೆ ನಿನಗೇ ಕೀರ್ತಿಯಲ್ಲವೆ ಎಂದು ಪರ್ಪೇತುವಾ ಕೇಳಿದಳು. ಅವನ ಮುಖ ಕೆಂಪೇರಿತು, ಊಟವೂ ಸುಧಾರಿಸಿತು. ಸೆರೆಮನೆಯ ಅಧಿಕಾರಿ ಪುದೆನ್ಸನಂತೂ ಕ್ರಮೇಣ ಅವರ ಮತವನ್ನೇ ನಂಬಿದನು. ದ್ವೇಷಕ್ಕೆ ದ್ವೇಷವೇ ಉತ್ತರವಾಗಿದ್ದರೆ ಅವನು ನಂಬುತ್ತಿದ್ದನೆ?

ಮಾರ್ಚ್ 7ರ ವೃತ್ತಾಂತವನ್ನು ಬೇರೊಬ್ಬರು ಬರೆದು ಸೇರಿಸಿದ್ದಾರೆ. ಫೆಲಿಸಿತಾ ಆ ವೇಳೆಗೆ ಎಂಟನೆಯ ತಿಂಗಳಲ್ಲೇ ಹೆಣ್ಣುಮಗುವನ್ನು ಹೆತ್ತಿದ್ದಳು. ಪರ್ಪೇತುವಾ ಕೀರ್ತನೆ ಹಾಡುತ್ತ ಕ್ರೀಡಾರಂಗವನ್ನು ಹೊಕ್ಕಳು. ಇಬ್ಬರ ಮೇಲೂ ಕಾಡುಹಸುವೊಂದನ್ನು ಬಿಟ್ಟರು. ಕೆಡಹಲ್ಪಟ್ಟ ಪರ್ಪೇತುವಾ ಎದ್ದು ಕುಳಿತು ಹರಿದ ಉಡುಪನ್ನು ಸರಿಪಡಿಸಿಕೊಂಡಳು. ಆಮೇಲೆ ಮುಡಿಕಡ್ಡಿಯನ್ನು ಕೇಳಿ ಪಡೆದು ಕೆದರಿದ ಕೂದಲನ್ನು ಕಟ್ಟಿಕೊಂಡಳು. ಬಿಚ್ಚಿದ ಮುಡಿ ಶೋಕದ ಗುರುತು. ತನ್ನ ಮಹೋತ್ಸವದಲ್ಲಿ ತಾನು ಶೋಕಿಸುವವಳಂತೆ ಕಾಣಬಾರದು. ದ್ರೌಪದಿಯ ಮುಡಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಅನಂತರ ಆಕೆ ನೆಲಕ್ಕುರುಳಿದ್ದ ದಾಸಿಗೆ ಕೈಕೊಟ್ಟು ಎಬ್ಬಿಸಿದಳು. ಕೊನೆಗೆ ಕತ್ತಿಹಿಡಿದವನು ಹೊಸಬ. ಅವನ ನಡುಗುವ ಕೈಯನ್ನು ತಾನೇ ತನ್ನ ಕೊರಳಿಗೆ ತಂದುಕೊಂಡಳು.

ಸುಮಾರು ಇನ್ನೂರು ವರ್ಷಗಳ ಮೇಲೆಯೂ ಆ ತಿಥಿಯಲ್ಲಿ ಆಫ್ರಿಕದ ಜನ ಸೇರುತ್ತಿದ್ದರು. ಸಂತ ಅಗಸ್ಟೀನನು ಅವರಿಗೆ ಉಪದೇಶಿಸಿದ ಪ್ರವಚನಗಳು ಉಳಿದಿವೆ. ಪರ್ಪೇತುವಾಳ ಪತಿಯ ವಿಷಯವಾಗಿ ಬರಹದಲ್ಲಿ ಒಂದು ಮಾತೂ ಇಲ್ಲ. ತೀರ್ಪಾದೊಡನೆ ಆಕೆ ಕೂಸಿಗಾಗಿ ಹೇಳಿಕಳುಹಿಸಿದಳು, ತಂದೆ ಕೊಡಲಿಲ್ಲ. ಅಂದಿನಿಂದ ಅದು ಮೊಲೆಹಾಲನ್ನು ಬೇಡಲಿಲ್ಲ, ತನ್ನ ಎದೆಯೂ ಬಾಯಲಿಲ್ಲ, ದೇವರು ಇಷ್ಟನ್ನು ನಡೆಸಿಕೊಟ್ಟನು ಎಂದು ಬರೆದು ಆಕೆ ಕೂಸಿನ ಮಾತನ್ನು ಅಲ್ಲಿಗೇ ಬಿಡುತ್ತಾಳೆ.