ಕೋವಿಯ ಒಡಲು

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಸಿಕ್ಕುವ ಗಬ್ಬೂರು ಇಂದು ಹತ್ತಿಯ ಗಾಡಿಗಳೂ ಬಸ್ಸುಗಳೂ ನಿಂತು ಹೋಗುವ ಒಂದು ಸಾಧಾರಣ ಊರಾಗಿ ಕಂಡರೂ, ಮಧ್ಯಯುಗದಲ್ಲಿ ಅದಕ್ಕೆ ಗೋಪುರಗ್ರಾಮವೆಂಬ ಹೆಸರಿದ್ದಿತು. ಮಲೆಶಂಕರನ ಗುಡಿಯ ಮುಂದೆ ಒಂದು ಘಳಿಗೆ ನಿಂತವರಿಗೆ ಆ ಹೆಸರು ಅತಿಶಯೋಕ್ತಿಯೆಂದು ತೋರಲಾರದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಉಳಿ ಹಿಡಿದು ಕುಳಿತ ಶಿಲ್ಪಿಗೆ ಬಿಲ್ಲು, ಬಾಣ, ಖಡ್ಗ, ಗದೆಗಳಿಗಿಂತ ಹೊಸದಾದ ಆಯುಧವೊಂದು ಲೋಕದಲ್ಲಿ ಹುಟ್ಟಲಿದೆಯೆಂಬುದು ತಿಳಿದಿರಲಿಲ್ಲ. ಆ ಆಯುಧವು ಈ ಸೀಮೆಗೆ ಬಂದಾಗಲಾದರೋ, ಶಿಲ್ಪಿಯ ದಾಯಾದಿಗಳಾದ ಉಳಿದ ಕುಶಲಕರ್ಮಿಗಳೇ ಅದನ್ನು ಎದುರುಗೊಳ್ಳಬೇಕಾಯಿತು.

ದೇವದುರ್ಗವನ್ನು ದಾಟಿ ಕೃಷ್ಣೆಯ ಆಚೆಯ ದಡಕ್ಕೆ ಹೋದರೆ ತಿಂಥಣಿ. ಪಾಂಚಾಳ ಕುಲದಲ್ಲಿ ಹುಟ್ಟಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಕ್ಷೇತ್ರ. ಆ ಕುಲದವರ ಸಂಪ್ರದಾಯದಲ್ಲಿ ವಿಶ್ವಕರ್ಮನ ಐದು ಮುಖಗಳಿಂದ ಐದು ಕಸುಬುಗಳು ಹುಟ್ಟಿದವೆಂದು ಹೇಳುವರು: ಕಬ್ಬಿಣ ಮನುವಿನ ಪಾಲು, ಮರ ಮಯನ ಪಾಲು, ಕಂಚು ತಾಮ್ರಗಳು ತ್ವಷ್ಟೃವಿನ ಪಾಲು, ಕಲ್ಲು ಶಿಲ್ಪಿಯ ಪಾಲು, ಹೊನ್ನು ವಿಶ್ವಜ್ಞನ ಪಾಲು. ಈ ಐವರೂ ಕೂಡಿ ಮಾಡಬೇಕಾದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ದೇವರ ರಥವೆಂದು ಉತ್ತರ ಬರುವುದು ಸಹಜ. ನನಗೆ ಮಾತ್ರ ಇನ್ನೊಂದು ಉತ್ತರ ತೋರುತ್ತದೆ, ಕೋವಿ. ನಳಿಗೆಯನ್ನು ಬಡಿದವನು ಕಮ್ಮಾರ, ಅದನ್ನು ಹೊರುವ ಮರದ ಕುಂದವನ್ನು ಕೆತ್ತಿದವನು ಬಡಗಿ, ಹಿತ್ತಾಳೆಯ ಕಟ್ಟುಗಳನ್ನು ಹಾಕಿದವನು ಕಂಚುಗಾರ, ಬೆಳ್ಳಿಯ ಕುಸುರಿಯನ್ನು ಕೂರಿಸಿದವನು ಅಕ್ಕಸಾಲಿಗ. ಚಕಮಕಿಯ ಕೋವಿ ಬಂದ ಮೇಲೆ ಕಿಡಿ ಕೊಡುವುದಕ್ಕೆ ಒಂದು ಚೂರು ಕಲ್ಲೂ ಬೇಕಾಗಿ, ಐದನೆಯ ಮುಖವೂ ಅದರಲ್ಲಿ ಸೇರಿತು.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಅಮೆರಿಕದಲ್ಲಿ ನೆಲಸಿರುವ ನಮ್ಮ ಕಡೆಯ ತರುಣನೊಬ್ಬನ ಮಾತಿನಿಂದ. ರಜೆಗೆ ಬಂದಿದ್ದ ಅವನು, ತಾನೇ ಬಿಡಿಭಾಗಗಳನ್ನು ಕೊಂಡು ಒಂದು ರೈಫಲನ್ನು ಜೋಡಿಸುತ್ತಿರುವುದಾಗಿಯೂ, ಕೆಳಗಿನ ಭಾಗವನ್ನು, ಎಂದರೆ ಅವರು ಲೋವರ್ ರಿಸೀವರ್ ಎಂದು ಕರೆಯುವ ಅಲ್ಯೂಮಿನಿಯಮ್ಮಿನ ಒಡಲನ್ನು, ಬೆರಳಿನಿಂದ ಎಳೆಯುವ ಕುದುರೆ, ಕಮಾನು, ಹಿಡಿ, ಹೆಗಲಾಸರೆಗಳೆಲ್ಲ ಕೂಡಿಸಿಟ್ಟ ಸಿದ್ಧವಸ್ತುವಾಗಿಯೇ ಕೊಳ್ಳಲೋ, ಬರಿಯ ಒಡಲನ್ನು ಕೊಂಡು ತಾನೇ ಒಂದೊಂದಾಗಿ ಕೂಡಿಸಲೋ ಎಂಬ ಜಿಜ್ಞಾಸೆಯಲ್ಲಿ ತಿಂಗಳುಗಟ್ಟಲೆ ಕಳೆದುದಾಗಿಯೂ ಹೇಳಿದನು. ಕೊನೆಗೆ ಸಿದ್ಧವಾದುದನ್ನೇ ಆರಿಸಿದನಂತೆ. ಸಾಸಿವೆಗಿಂತ ಸ್ವಲ್ಪ ದೊಡ್ಡವಾದ ಮೊಳೆಗಳೂ ಅವುಗಳ ಹಿಂದಿನ ಕಮಾನುಗಳೂ ಕೈಜಾರಿ ಎಲ್ಲಿಗೋ ಹಾರಿಹೋಗುತ್ತವೆಂಬುದು ಒಂದು ಕಾರಣ, ನುರಿತವನು ಕೂಡಿಸಿದ ಕುದುರೆಯ ಎಳೆತ ಹದವಾಗಿರುತ್ತದೆಂಬುದು ಇನ್ನೊಂದು. ಅವನು ಮುಗಿಸಿದ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು.

“ಕಾಕಾ, ನಂಬರ್ ಇರೋದು ಇದಕ್ಕಷ್ಟ. ಸರ್ಕಾರದ ಲೆಕ್ಕದಾಗ ಇದೇ ಬಂದೂಕು. ನಳಿಗಿ ಅಂದ್ರ ಬರೇ ಒಂದು ಸಾಮಾನು.”

ಅವನು ಹೇಳಿದ್ದು ನಿಜ. ಯೂಜೀನ್ ಸ್ಟೋನರ್ ಎಂಬ ಅಮೆರಿಕದ ಶಿಲ್ಪಿಯು 1950ರ ದಶಕದಲ್ಲಿ ಆರ್ಮಲೈಟ್ ಸಂಸ್ಥೆಗಾಗಿ ರೂಪಿಸಿದ ರೈಫಲು ಮೇಲೊಂದು ಕೆಳಗೊಂದು ಎಂದು ಎರಡು ಒಡಲುಗಳಾಗಿ ಬಿಚ್ಚಿಕೊಳ್ಳುವಂಥದು. ಎರಡು ಮೊಳೆಗಳನ್ನು ಸರಿಸಿದರೆ ಸಾಕು. ಆ ದೇಶದ 1968ರ ಶಾಸನವು ಕೋವಿಯ ಚೌಕಟ್ಟನ್ನು ಅಥವಾ ಒಡಲನ್ನೇ ಕೋವಿಯೆಂದು ಗಣಿಸುವುದರಿಂದ, ಈ ಬಗೆಯ ರೈಫಲಿನಲ್ಲಿ ಅಂಕಿಯನ್ನು ಹೊತ್ತ ಕೆಳಗಿನ ಒಡಲಿಗೆ ಆ ಗೌರವವು ಸಂದಿತು. ಗುಂಡು ಹಾಯುವ ನಳಿಗೆಗೆ ಆ ಗೌರವವಿಲ್ಲ! ಅವಯವಗಳಿಂದ ಅವಯವಿಯು ಬೇರೆಯೋ ಅಲ್ಲವೋ ಎಂದು ಸಾವಿರ ವರ್ಷ ವಾದಿಸಿದ ನಮ್ಮ ನೈಯಾಯಿಕರು ಈ ಶಾಸನವನ್ನು ಓದಿದ್ದರೆ ಏನೆನ್ನುತ್ತಿದ್ದರೋ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ದೋಆಬಿನ ಹಳೆಯ ಕೋವಿಯಲ್ಲಿ ಗಣನೆಯು ಇದಕ್ಕೆ ನೇರ ವಿಪರೀತವಾಗಿತ್ತು. ಬತ್ತಿಯಿಂದ ಹೊತ್ತಿಸುವ ತೋಡೇದಾರ್ ಕೋವಿಯನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಮಾತ್ರ ನೋಡಿದವರಿಗೆ ಅದರ ಜೋಡಣೆ ತಿಳಿಯುವುದಿಲ್ಲ. ನಳಿಗೆಯು ಮೊಳಕಾಲಿನಿಂದ ಹೆಗಲಿನವರೆಗೆ ಬರುವಷ್ಟು ಉದ್ದ. ಅದರ ಬುಡದ ಬಲಮಗ್ಗುಲಿಗೆ, ನಳಿಗೆಯೊಡನೆಯೇ ಬೆಸೆದು ಮಾಡಿದ ಒಂದು ಪುಟ್ಟ ಬಟ್ಟಲು. ಬಟ್ಟಲಿನಿಂದ ಒಳಕ್ಕೆ ಸೂಜಿಯ ದಪ್ಪದ ಕಿಂಡಿ. ಬಟ್ಟಲಿಗೆ ರಂಜಕವೆಂಬ ನಯವಾದ ಮದ್ದನ್ನು ತುಂಬುವರು. ಮರದ ಕುಂದವಾದರೋ ಹೊಟ್ಟೆಯಲ್ಲಿ ಟೊಳ್ಳಾಗಿದ್ದು, ಕುದುರೆಯೂ ಅದರ ಸನ್ನೆಯೂ ಆ ಟೊಳ್ಳಿನೊಳಗೆ ಅಡಗಿರುತ್ತವೆ. ಬೆರಳಿನಿಂದ ಒತ್ತಿದೊಡನೆ, ಮರದ ನೆತ್ತಿಯ ಸೀಳಿನಿಂದ ಹೊರಚಾಚಿರುವ ಕೊಕ್ಕು ಉರಿಯುವ ಬತ್ತಿಯನ್ನು ಕಚ್ಚಿಕೊಂಡು ಬಟ್ಟಲಿಗೆ ಬಾಗುತ್ತದೆ. ಇನ್ನು ನಳಿಗೆಯನ್ನು ಕುಂದಕ್ಕೆ ಸೇರಿಸುವ ಬಗೆ: ಮೊಳೆಯಿಲ್ಲ, ತಿರುಪಿಲ್ಲ, ಹಸಿ ಚರ್ಮದ ಪಟ್ಟಿಯನ್ನಾಗಲಿ ತಂತಿಯನ್ನಾಗಲಿ ನಾಲ್ಕಾರು ಕಡೆ ಬಿಗಿದು ಸುತ್ತುವುದಷ್ಟೆ. ಎಂದರೆ ಕುದುರೆಯನ್ನು ಒಡಲಲ್ಲಿಟ್ಟುಕೊಂಡ ಕೆಳಭಾಗವೊಂದು, ಬಟ್ಟಲನ್ನು ಹೊತ್ತ ಮೇಲ್ಭಾಗವೊಂದು, ನಡುವೆ ಬಿಚ್ಚಿ ಕಟ್ಟಬಹುದಾದ ಬಂಧ. ಸ್ಟೋನರನ ಎರಡು ಒಡಲುಗಳನ್ನು ಆ ತರುಣನು ವರ್ಣಿಸುತ್ತಿದ್ದಾಗ ನನ್ನ ಕಣ್ಣಿಗೆ ಕಟ್ಟಿದ್ದು ಈ ಚರ್ಮದ ಪಟ್ಟಿ.

ಆದರೆ ಅಂದಿನವರಿಗೆ ಕೋವಿಯೆಂದರೆ ನಳಿಗೆ. ಹದವಾದ ನಳಿಗೆಯೊಂದು ತಂದೆಯಿಂದ ಮಗನಿಗೆ, ಸೋತವನಿಂದ ಗೆದ್ದವನಿಗೆ ದಾಟುತ್ತ ಹೋಗುವುದು. ಕುಂದ ಸೀಳಿದರೆ, ಗೆದ್ದಲು ಹಿಡಿದರೆ, ಊರಿನ ಬಡಗಿಯು ಹೊಸದನ್ನು ಕೆತ್ತಿಕೊಡುವನು. ಅಬುಲ್ ಫಜಲನು 16ನೆಯ ಶತಮಾನದ ಕೊನೆಯಲ್ಲಿ ಬರೆದ ಐನ್-ಇ-ಅಕ್ಬರಿಯಲ್ಲಿ ಈ ಕ್ರಮವು ಸ್ಪಷ್ಟವಾಗಿ ಕಾಣುತ್ತದೆ. ಕಬ್ಬಿಣದ ತಗಡನ್ನು ಓರೆಯಾಗಿ, ಕಾಗದವನ್ನು ಸುರುಳಿ ಸುತ್ತುವಂತೆ ಸುತ್ತಿ, ಸುತ್ತುಸುತ್ತಿಗೂ ಬೆಂಕಿಗೆ ಕೊಟ್ಟು ಬೆಸೆಯುವುದು. ಪರೀಕ್ಷೆಯಲ್ಲಿ ಗೆದ್ದ ನಳಿಗೆಯನ್ನು ಅನಂತರ ಕುಂದ ಮಾಡುವವನ ಕೈಗೆ ಒಪ್ಪಿಸುವುದು. ಕೋವಿಯ ಮೇಲೆ ಕೊರೆಯಬೇಕಾದ ವಿವರಗಳ ಪಟ್ಟಿಯೂ ಅಲ್ಲಿದೆ: ಕಬ್ಬಿಣದ ತೂಕ, ಅದು ಬಂದ ಸ್ಥಳ, ಕೆಲಸಗಾರನ ಹೆಸರು, ಮಾಡಿದ ಊರು, ದಿನ, ಕೊನೆಗೆ ಕ್ರಮಾಂಕ. ಕೋವಿಗೆ ಅಂಕಿ ಹಾಕುವುದು ಅಮೆರಿಕದವರ ಹೊಸ ಕಲ್ಪನೆಯೆಂದು ನಾವು ಭಾವಿಸಬೇಕಾದುದಿಲ್ಲ. ಹದಿನಾರು ನಳಿಗೆಗಳನ್ನು ಒಮ್ಮೆಗೇ ಉಜ್ಜಿ ಶುಚಿಮಾಡುವ ಗಾಲಿಯೊಂದನ್ನು ಅಕ್ಬರನು ಮಾಡಿಸಿದ್ದನೆಂದೂ, ಅದನ್ನು ತಿರುಗಿಸುತ್ತಿದ್ದುದು ಒಂದು ಹಸುವೆಂದೂ ಅದೇ ಗ್ರಂಥದಲ್ಲಿದೆ. ನಮ್ಮ ಗಾಣದೆತ್ತಿಗೆ ಈ ಸುದ್ದಿ ಮುಟ್ಟಿದ್ದರೆ ಸಮಾಧಾನವಾಗುತ್ತಿತ್ತೇನೋ.

ದಕ್ಷಿಣದಲ್ಲಿ ಈ ವಿದ್ಯೆ ಅದಕ್ಕೂ ಮೊದಲೇ ಬಲಿತಿತ್ತು. 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನು ಮೂರು ವರ್ಷಗಳ ಬಳಿಕ ತನ್ನ ದೊರೆಗೆ ಬರೆಯುತ್ತ, ಗೋವೆಯ ಕಮ್ಮಾರರು ಬೊಹೀಮಿಯದವರಿಗೆ ಸಮನಾದ ಕೋವಿಗಳನ್ನು ಮಾಡಬಲ್ಲರೆಂದು ಹೊಗಳಿದ್ದನು. ಹಾಗೆ ಹೊಗಳಿಸಿಕೊಂಡ ಕೋವಿಯು ರಾಯಚೂರಿನ ಕೋಟೆಯ ಮುಂದೆ ಏನು ಮಾಡಿತೆಂಬುದು, ಬಿಜಾಪುರದವರ ವಶದಲ್ಲಿದ್ದ ಆ ಕೋಟೆಯನ್ನು ಕೃಷ್ಣದೇವರಾಯನು ಮುತ್ತಿದ 1520ರ ಕಥೆ. ಮುಂದೆ ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವರ್ತಕನಾದ ನೂನಿಜನು ಬರೆದಿಟ್ಟಂತೆ, ಕೋಟೆಯ ಮೇಲೆ ಇನ್ನೂರು ದೊಡ್ಡ ಫಿರಂಗಿಗಳಿದ್ದವು. ವಿಜಯನಗರದ ಕಾಲಾಳುಗಳು ಗುದ್ದಲಿ ಹಾರೆಗಳನ್ನು ಹಿಡಿದು ಗೋಡೆಯ ಬುಡಕ್ಕೇ ಹೋಗಿ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಅದರ ಗಾತ್ರವನ್ನು ನೋಡಿ 10 ಪಣದಿಂದ 50 ಪಣದವರೆಗೆ ದಳಪತಿಗಳು ಕೊಡುತ್ತಿದ್ದರಂತೆ. ಮೇಲಿನಿಂದ ಬಾಣವೂ ಬಂಡೆಯೂ ಸುರಿದು ಆ ಕಲ್ಲುಗಳ ನಿಜವಾದ ಬೆಲೆಯನ್ನು ಜನರು ಪ್ರಾಣದಿಂದ ತೆರುತ್ತಿರಲು, ಕ್ರಿಸ್ತೋವಾಂವ್ ದೆ ಫಿಗೈರೆದೊ ಎಂಬವನು ಇಪ್ಪತ್ತು ಜನ ಕೋವಿಯ ಪೋರ್ಚುಗೀಸರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರನ್ನಾಗಿ ಉರುಳಿಸತೊಡಗಿದನು. ಏನು ನಡೆದಿದೆಯೆಂದು ಬಾಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ಬಿತ್ತು. ಆಮೇಲೆ ಕೋಟೆ ಉಳಿಯಲಿಲ್ಲ.

ಆ ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ, 40 ಅಡಿಗೂ ಉದ್ದವಾದ ಒಂದೇ ಕಲ್ಲು ಇಂದಿಗೂ ಇದೆ. ಕಲ್ಲಿಗೆ ಕಲ್ಲು ಕೂಡಿಸಿ ಅಷ್ಟು ಬಲವಾಗಿ ಕಟ್ಟಿದುದನ್ನು ಬೆರಳಿನ ಗಾತ್ರದ ನಳಿಗೆಗಳು ಕಾಯ್ದು ಕೊಟ್ಟ ಬಿಡುವಿನಲ್ಲಿ ಹಾರೆಗಳು ಕಿತ್ತುವೆಂಬುದನ್ನು ಈ ಸೀಮೆಯವರು ಮರೆತಂತೆ ಕಾಣುವುದಿಲ್ಲ. ದೇವದುರ್ಗವೂ ಕೃಷ್ಣೆಯಾಚೆಯ ಸುರಪುರವೂ ಬೇಡ ನಾಯಕರ ನೆಲೆಗಳಾದ ಮೇಲೆ, ಅವರ ಕಾಲಾಳುಗಳ ಗುರಿಯು ದಖ್ಖನಿನಲ್ಲೆಲ್ಲ ಗಾದೆಯ ಮಾತಾಯಿತು. ಮುದುಕನಾದ ಔರಂಗಜೇಬನು ತನ್ನ ಜೀವಮಾನದ ಕೊನೆಯ ಮುತ್ತಿಗೆಯನ್ನು 1705ರಲ್ಲಿ ಹಾಕಿದ್ದು ಇವರ ವಾಗಿನಗೇರಿಗೆ. ಇವರ ಕೋವಿಗಳಿಗೆ ಮದ್ದು ದೂರದಿಂದ ಬರಬೇಕಾಗಿರಲಿಲ್ಲ. ಸವಳು ನೆಲವನ್ನೂ ಹಳೆಯ ಮಣ್ಣಿನ ಗೋಡೆಗಳ ಬುಡವನ್ನೂ ಕೆರೆದು, ನೀರಿನಲ್ಲಿ ಕದಡಿ, ಕಾಯಿಸಿ ಪೆಟ್ಲುಪ್ಪನ್ನು ತೆಗೆಯುವರು. ಇದ್ದಿಲಂತೂ ಮನೆಯ ವಸ್ತು. ಗಂಧಕವೊಂದನ್ನೇ ಕಡಲ ವ್ಯಾಪಾರಿಗಳಿಂದ ಕೊಳ್ಳಬೇಕು.

ಇಷ್ಟರವರೆಗೆ ಕೆಳಗಿನ ಭಾಗಕ್ಕೆ ಮರ್ಯಾದೆಯಿಲ್ಲ. ಅದು ಬಂದದ್ದು ಚಕಮಕಿಯ ಕಲ್ಲಿನೊಡನೆ. ಕಲ್ಲನ್ನು ಕಚ್ಚಿ ಉಕ್ಕಿಗೆ ಬಡಿಯುವ ಆ ಯಂತ್ರದಲ್ಲಿ ಹದವರಿತ ಕಮಾನುಗಳು ಬೇಕು, ಒಂದಕ್ಕೊಂದು ತಪ್ಪದೆ ಕೂಡುವ ಹಲ್ಲುಗಳು ಬೇಕು. ಊರ ಕಮ್ಮಾರನ ಕುಲುಮೆಯಲ್ಲಿ ನಳಿಗೆ ಹುಟ್ಟಿದಷ್ಟು ಸುಲಭವಾಗಿ ಅದು ಹುಟ್ಟುವುದಿಲ್ಲ. ಟಿಪ್ಪು ಸುಲ್ತಾನನು ಇದನ್ನು ಚೆನ್ನಾಗಿ ಅರಿತಿದ್ದನು. ಶ್ರೀರಂಗಪಟ್ಟಣದ ತನ್ನ ಕಾರ್ಖಾನೆಯ ಕೋವಿಗಳಲ್ಲಿ ಕಲ್ಲು ಕಚ್ಚುವ ಕೊಕ್ಕಿಗೆ ಹುಲಿಯ ರೂಪವನ್ನೂ ನಳಿಗೆಗೆ ಹುಲಿಯ ಪಟ್ಟೆಯನ್ನೂ ಕೊಟ್ಟುದಲ್ಲದೆ, 1787ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ರಾಯಭಾರವನ್ನು ಕಳುಹಿಸಿ ಕುಶಲಕರ್ಮಿಗಳನ್ನು ಬೇಡಿದನು. ಹೈದರಾಬಾದಿನ ನಿಜಾಮನ ಕಡೆಗೂ ರೇಮಾಂಡನೆಂಬ ಫ್ರೆಂಚನೇ ಶಸ್ತ್ರಶಾಲೆಯನ್ನು ಕಟ್ಟಿದನು. ಇದೇ ಕಾಲಕ್ಕೆ, 1785ರಲ್ಲಿ, ಪ್ಯಾರಿಸಿನಲ್ಲಿದ್ದ ಅಮೆರಿಕದ ರಾಯಭಾರಿ ಜೆಫರ್ಸನ್ನನ ಮುಂದೆ ಒಬ್ಬ ಕೆಲಸಗಾರನು ಕೋವಿಯ ಅಂಥ ಐವತ್ತು ಯಂತ್ರಗಳ ಬಿಡಿಭಾಗಗಳನ್ನು ತಂದಿಟ್ಟನಂತೆ. ಜೆಫರ್ಸನ್ನನು ಕಣ್ಣಿಗೆ ಬಿದ್ದ ಚೂರುಗಳನ್ನು ಆಯ್ದುಕೊಂಡು ತಾನೇ ಹಲವನ್ನು ಜೋಡಿಸಿದನು; ಎಲ್ಲವೂ ಕೂಡಿದವು. ರಜೆಗೆ ಬಂದಿದ್ದ ನಮ್ಮ ತರುಣನ ಹವ್ಯಾಸದ ಮೂಲಪುರುಷರನ್ನು ಹುಡುಕಬೇಕಾದರೆ ಆ ಬಿಡಿಭಾಗಗಳ ಹತ್ತಿರ ಹುಡುಕಬೇಕು. ಯಾರು ಮಾಡಿದ ಚೂರು ಯಾವ ಕೋವಿಗೆ ಹೋಯಿತೆಂದು ತಿಳಿಯದಂತಾದ ದಿನ, ನಳಿಗೆಯ ಮೇಲೆ ಕೆಲಸಗಾರನ ಹೆಸರನ್ನು ಕೊರೆಯುವ ಅವಶ್ಯಕತೆಯೂ ಹೋಯಿತು, ಅಂಕಿಯೊಂದು ಉಳಿಯಿತು.

ಈ ಕಡೆ ನಮ್ಮ ಸೀಮೆಗೆ ಅಂಕಿಗೂ ಮುಂಚೆ ಬಂದುದು ಇಂಗ್ಲಿಷರ ನಿಶ್ಶಸ್ತ್ರೀಕರಣದ ಶಾಸನ. 1857ರಲ್ಲಿ ಆಯುಧಗಳನ್ನೆಲ್ಲ ಒಪ್ಪಿಸಬೇಕೆಂದು ಸಾರಿದಾಗ, ಮುಧೋಳದ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ನವೆಂಬರಿನ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಜನಪದ ಲಾವಣಿಯು ಆ ಕಥೆಯನ್ನು ಉಳಿಸಿಕೊಂಡಿತು, ಇಂಗ್ಲಿಷ್ ಅಧಿಕಾರಿಯೂ ವಿದ್ವಾಂಸನೂ ಆದ ಫ್ಲೀಟನು ಅದನ್ನು ಅಚ್ಚು ಹಾಕಿಸಿದನು. ಮುಂದಿನ ಫೆಬ್ರವರಿಯಲ್ಲಿ ಸುರಪುರವೂ ಬಿದ್ದು, ರಾಜಾ ವೆಂಕಟಪ್ಪ ನಾಯಕನು ಸೆರೆಯಾಗಿ ಆ ವರ್ಷವೇ ಪಿಸ್ತೂಲಿನ ಗುಂಡಿಗೆ ತೀರಿಹೋದನು. ಕೊಡಗಿನವರ ಅದೃಷ್ಟ ಬೇರೆ: 1861ರಲ್ಲಿ ಇಂಗ್ಲಿಷ್ ಕಮಿಷನರ್ ಕಬ್ಬನ್ನನು ಅವರಿಗೆ ಕೊಟ್ಟ ವಿನಾಯಿತಿಯು ಇಂದಿಗೂ ನಡೆಯುತ್ತಿದ್ದು, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದಿನ ದಿನ ಮನೆಮನೆಯ ಕೋವಿಗೂ ತೋಕ್‌ಪೂವನ್ನು, ಎಂದರೆ ಕೋವಿಯ ಹೂವೆಂದೇ ಹೆಸರಾದ ಗೌರಿ ಹೂವನ್ನು ಮುಡಿಸುವರು. ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂಬುದು ಅವರ ಹಳೆಯ ಕ್ರಮ. ದೋಆಬಿನ ಬೇಡನಿಗೆ ಹುಟ್ಟಿಗೂ ಈಡಿಲ್ಲ, ಸಾವಿಗೂ ಈಡಿಲ್ಲ.

ಅನಂತರ ಬಂದ 1878ರ ಶಾಸನವೂ ಸ್ವತಂತ್ರ ಭಾರತದ 1959ರ ಶಾಸನವೂ ಪರವಾನಗಿಯ ದಾರಿಯನ್ನು ಹಿಡಿದವು. ಯಾವ ಅವಯವವು ಕೋವಿ ಎಂಬ ಜಿಜ್ಞಾಸೆಗೆ ನಮ್ಮ 1959ರ ಶಾಸನದಲ್ಲಿ ಆಸ್ಪದವೇ ಇಲ್ಲ. ಆಯುಧದ ಬಿಡಿಭಾಗಗಳೂ, ಆಯುಧವನ್ನು ಮಾಡುವ ಯಂತ್ರಗಳೂ ಆಯುಧಗಳೇ ಎಂದು ಅದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ನೈಯಾಯಿಕರು ಒಪ್ಪದಿರಬಹುದು, ಪೋಲೀಸಿನವರಿಗೆ ಅನುಕೂಲ.

ಹೀಗೆ ಕೋವಿಯು ಕೈಬಿಟ್ಟು ಹೋದ ಮೇಲೆ ಗಬ್ಬೂರಿನಂಥ ಊರುಗಳ ಕಮ್ಮಾರನಿಗೂ ಬಡಗಿಗೂ ಉಳಿದ ಜಂಟಿ ಕೆಲಸವೆಂದರೆ ಕೂರಿಗೆ. ಮರದ ದಿಂಡು, ಅದರ ಮೇಲೆ ಬೀಜ ಹಾಕುವ ಬಟ್ಟಲು, ಬಟ್ಟಲಿನಿಂದ ಇಳಿಯುವ ಕೊಳವೆಗಳು, ತುದಿಗೆ ಕಬ್ಬಿಣದ ಕುಡ. ಬಡಗಿಯ ಪಾಲು ಬಡಗಿಯಲ್ಲಿ, ಕಮ್ಮಾರನ ಪಾಲು ಕಮ್ಮಾರನಲ್ಲಿ ಮಾಡಿಸಿ, ಮುಂಗಾರಿನ ಮುಂಚೆ ಒಕ್ಕಲಿಗನು ತಾನೇ ಹಗ್ಗ ಬಿಗಿದು ಕೂಡಿಸಿಕೊಳ್ಳುತ್ತಿದ್ದನು. ಕಳೆದ ವರ್ಷ ನಾನು ಆ ದಾರಿಯಲ್ಲಿ ಹೋದಾಗ, ರಸ್ತೆಯ ಬದಿಯ ವೆಲ್ಡಿಂಗ್ ಅಂಗಡಿಯ ಮುಂದೆ ಟ್ರ್ಯಾಕ್ಟರಿನ ಕೂರಿಗೆಗಳು ಎಲ್ಲ ಜೋಡಿಸಿ, ಕೆಂಪು ಬಣ್ಣ ಬಳಿದು, ಸಾಲಾಗಿ ನಿಂತಿದ್ದವು. ಒಬ್ಬ ರೈತನು ಒಂದರ ಬಟ್ಟಲಿಗೆ ಕೈಹಾಕಿ ನೋಡುತ್ತಿದ್ದನು. ಕೊಳವೆಯ ಬಾಯಿಗೆ ಕಣ್ಣಿಟ್ಟು, ಇನ್ನೊಂದು ತುದಿಯಲ್ಲಿ ಬೆಳಕು ಕಾಣುತ್ತದೆಯೋ ಇಲ್ಲವೋ ಎಂದು ಬಗ್ಗಿ ನೋಡಿ, ಮುಂದಿನದರ ಕಡೆಗೆ ಸರಿದನು.